ಈ ಮಾತ್ರೆ ಎಲ್ಲಿ ಹೋಗಿ ಕೂರುತ್ತೆ?

ಬೆಳಿಗ್ಗೆ ಒಂಬತ್ತೂಕಾಲಿಗೆ ಅವಳು ಕ್ಯಾಪ್ಸೂಲ್ ನುಂಗಿದಳು. ಮಧ್ಯಾಹ್ನ ಮೂರೂಕಾಲರವರೆಗೆ ಆ ಮಂಚ ಬಿಟ್ಟು ದೂರ ಹೋಗುವಂತಿರಲಿಲ್ಲ. ಮೊದಲ ಡೋಸ್ ಆದ ಮೇಲೆ ಆರು ಗಂಟೆ ಕಾಯಲೇಬೇಕು. ಗಂಟೆಗೊಮ್ಮೆ ನಾಡಿ, ಬಿಪಿ. ಶುರುವಿಗೊಂದು, ಕೊನೆಗೊಂದು ಇಸಿಜಿ. ನಾನು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಚಿಕ್ಕಮ್ಮ ಕಳಿಸಿದ್ದ ಚಿತ್ರಾನ್ನದ ಡಬ್ಬಿ ಕಿಟಕಿ ಕಟ್ಟೆಯ ಮೇಲಿತ್ತು.

ಅವಳು ನನ್ನ ಚಿಕ್ಕಮ್ಮನ ಮಗಳು. ಎರಡು ವರ್ಷದ ಹಿಂದೆ ಒಂದು ಕಣ್ಣು ಮಂಜಾಯಿತು. ಆಮೇಲೆ ಎಡಗಾಲು ಜೋಮು ಹಿಡಿಯಿತು, ಮೂರು ವಾರ ಬಿಡಲಿಲ್ಲ. ಎಂಆರ್‌ಐ ಆದ ಮೇಲೆ ಗೊತ್ತಾಯಿತು, ಮಲ್ಟಿಪಲ್ ಸ್ಕ್ಲೆರೋಸಿಸ್. ನಮ್ಮನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ಮೆದುಳು, ಬೆನ್ನುಹುರಿಯ ನರಗಳ ಮೇಲಿನ ಹೊದಿಕೆಯನ್ನು ಹಾಳುಮಾಡುವ ಕಾಯಿಲೆ. ಅಂದು ಅವಳು ನುಂಗಿದ್ದು ಫಿಂಗೋಲಿಮಾಡ್. ಕ್ಯಾಪ್ಸೂಲಿನೊಳಗೆ ಔಷಧ ಇರುವುದು ಅರ್ಧ ಮಿಲಿಗ್ರಾಂ ಅಷ್ಟೇ.

"ಅಕ್ಕಾ, ಕಾಯಿಲೆ ಇರೋದು ನರದಲ್ಲಿ. ಎದೆಗ್ಯಾಕೆ ವೈರು ಅಂಟಿಸ್ತಾರೆ? ಈ ಮಾತ್ರೆ ಎಲ್ಲಿ ಹೋಗಿ ಕೂರುತ್ತೆ?"

ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಮೂರು ವರ್ಷ ಇದೇ ವಿಷಯದ ಮೇಲೆ ಕೆಲಸ ಮಾಡಿದವಳು. ಆದರೂ ಅಂದು ಎರಡೇ ವಾಕ್ಯದಲ್ಲಿ ಉತ್ತರ ಮುಗಿಸಿಬಿಟ್ಟೆ. ಅವಳಿಗೆ ಹೆದರಿಕೆಯಿತ್ತು, ನನಗೂ ಇತ್ತು. ಉದ್ದದ ಉತ್ತರ ಬಾಕಿ ಉಳಿಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಔಷಧವಾಗಲಿ, ದೇಹದ್ದೇ ಆದ ರಾಸಾಯನಿಕವಾಗಲಿ, ಕೆಲಸ ಮಾಡಬೇಕಾದರೆ ಎಲ್ಲಾದರೂ ಕೂರಬೇಕು. ಆ ಕೂರುವ ಜಾಗಕ್ಕೆ ರಿಸೆಪ್ಟರ್ ಅನ್ನುತ್ತಾರೆ. ಬಹಳಷ್ಟು ರಿಸೆಪ್ಟರ್‌ಗಳು ಜೀವಕೋಶದ ಪೊರೆಯಲ್ಲೇ ಇರುತ್ತವೆ, ಒಂದು ತುದಿ ಹೊರಗೆ, ಇನ್ನೊಂದು ತುದಿ ಒಳಗೆ. ಹೊರಗಿನಿಂದ ಬಂದ ಅಣು ಅಲ್ಲಿ ಕೂತರೆ ಒಳಗೆ ಸುದ್ದಿ ಮುಟ್ಟುತ್ತದೆ. ನೀರಲ್ಲಿ ಕರಗುವ ಅಣುವಿನ ವಿಷಯದಲ್ಲಿ ಈ ಜಾಗ ಹುಡುಕುವುದು ಕಷ್ಟ, ಆದರೂ ಆಗುವ ಕೆಲಸ. ಕೊಬ್ಬಿನ ಜಾತಿಯ ಅಣು, ಅಂದರೆ ಲಿಪಿಡ್ ಆದರೆ ಬೇರೆಯೇ ತೊಂದರೆ. ಕೋಶದ ಪೊರೆಯೇ ಲಿಪಿಡ್ಡಿನದ್ದು. ಎಣ್ಣೆಗೆ ಎಣ್ಣೆ ಸೇರಿದ ಹಾಗೆ ಅದು ಪೊರೆಯಲ್ಲಿ ಎಲ್ಲಿ ಬೇಕಾದರೂ ಸೇರಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿಗೆ ಅಂಟುತ್ತದೆ, ಸಿಕ್ಕ ಪ್ರೋಟೀನಿಗೆ ಅಂಟುತ್ತದೆ. ಅಂಟುವುದು ಬೇರೆ, ಕೂರುವುದು ಬೇರೆ. ಈ ಎರಡನ್ನು ಬೇರೆ ಮಾಡಿ ತೋರಿಸಲು ಎಷ್ಟೋ ವರ್ಷ ಬೇಕಾಯಿತು.

ನಮ್ಮ ಕಥೆಯ ಲಿಪಿಡ್ಡಿನ ಹೆಸರು ಸ್ಫಿಂಗೋಸಿನ್-1-ಫಾಸ್ಫೇಟ್. ಲ್ಯಾಬಿನಲ್ಲಿ ಎಲ್ಲರೂ ಎಸ್‌ಒನ್‌ಪಿ ಅನ್ನುತ್ತಾರೆ. ಸ್ಫಿಂಗೋಸಿನ್ ಎಂಬ ಹೆಸರು ಇಟ್ಟದ್ದು 1884ರಲ್ಲಿ, ಲಂಡನ್ನಿನಲ್ಲಿದ್ದ ಜರ್ಮನ್ ಮೂಲದ ವೈದ್ಯ ಥುಡಿಕಮ್. ಮೆದುಳಿನ ಕೊಬ್ಬುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದ ಮನುಷ್ಯ. ಈ ಪದಾರ್ಥ ಎಷ್ಟು ಒಗಟುಗಳನ್ನು ಒಡ್ಡಿತೆಂದರೆ, ಗ್ರೀಕರ ಪುರಾಣದಲ್ಲಿ ದಾರಿಹೋಕರಿಗೆ ಒಗಟು ಕೇಳುವ ಸ್ಫಿಂಕ್ಸ್‌ನ ಹೆಸರನ್ನೇ ಅದಕ್ಕೆ ಕೊಟ್ಟರು. ಅದಕ್ಕೊಂದು ಫಾಸ್ಫೇಟ್ ಸೇರಿದರೆ ಎಸ್‌ಒನ್‌ಪಿ. ಬಹಳ ಕಾಲ ಇದನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಸ್ಫಿಂಗೋಸಿನ್ ಒಡೆದು ಹೋಗುವ ದಾರಿಯಲ್ಲಿ ಸಿಗುವ ಒಂದು ಚೂರು, ಅಷ್ಟೇ ಎಂದುಕೊಂಡಿದ್ದರು. 1991ರಲ್ಲಿ ಸಾರಾ ಸ್ಪೀಗಲ್ ಅವರ ತಂಡ ಈ ಚೂರು ಕೋಶಗಳನ್ನು ಬೆಳೆಯುವಂತೆ ಮಾಡುತ್ತದೆ ಎಂದು ತೋರಿಸಿತು. ಆಮೇಲೆ ಶುರುವಾಯಿತು ನೋಡಿ ಚರ್ಚೆ. ಇದು ಕೋಶದ ಒಳಗೇ ಓಡಾಡಿ ಸುದ್ದಿ ಮುಟ್ಟಿಸುತ್ತದೆಯೋ, ಹೊರಗಿನಿಂದ ಬಾಗಿಲು ತಟ್ಟುತ್ತದೆಯೋ? ಬಾಗಿಲು ತಟ್ಟುವುದೇ ನಿಜವಾದರೆ, ಆ ಬಾಗಿಲು ಯಾವುದು?

ಬಾಗಿಲು ಆಗಲೇ ಸಿಕ್ಕಿತ್ತು. ಯಾರ ಮನೆಯ ಬಾಗಿಲು ಅಂತ ಗೊತ್ತಿರಲಿಲ್ಲ.

1990ರಲ್ಲಿ, ಅಮೆರಿಕದ ಮೇರಿಲ್ಯಾಂಡಿನಲ್ಲಿ, ಟಿಮೊತಿ ಹ್ಲಾ ಮತ್ತು ಥಾಮಸ್ ಮಾಸಿಯಾಗ್ ರಕ್ತನಾಳದ ಒಳಗೋಡೆಯ ಕೋಶಗಳನ್ನು ಬೆಳೆಸುತ್ತಿದ್ದರು. ಹೆರಿಗೆಯ ನಂತರ ಸಿಗುವ ಹೊಕ್ಕುಳಬಳ್ಳಿಯಿಂದ ತೆಗೆದ ಕೋಶಗಳು. ತಟ್ಟೆಯಲ್ಲಿ ಹರಡಿಕೊಂಡಿರುವ ಈ ಕೋಶಗಳು ಒಂದು ಹಂತದಲ್ಲಿ ಸಾಲುಗಟ್ಟಿ ನಾಳದ ಆಕಾರಕ್ಕೆ ತಿರುಗುತ್ತವೆ. ಹಾಗೆ ತಿರುಗುವಾಗ ಯಾವ ಜೀನ್‌ಗಳು ಎಚ್ಚರಗೊಳ್ಳುತ್ತವೆ ಎಂದು ಅವರು ಹುಡುಕುತ್ತಿದ್ದರು. ಸಿಕ್ಕ ಒಂದು ಜೀನಿಗೆ ಇಡಿಜಿ-1 ಎಂದು ಹೆಸರಿಟ್ಟರು. ಅದರ ಪ್ರೋಟೀನು ಪೊರೆಯನ್ನು ಏಳು ಸಲ ಹಾದುಹೋಗುವ ಜಾತಿಯದ್ದು, ಸೂಜಿದಾರ ಬಟ್ಟೆಯಲ್ಲಿ ಮೇಲೆ ಕೆಳಗೆ ಏಳು ಸಲ ಹೋಗಿಬಂದ ಹಾಗೆ. ಅಂಥ ಆಕಾರ ಇದ್ದರೆ ಅದು ರಿಸೆಪ್ಟರ್ ಇರಬಹುದು ಎಂದು ಊಹಿಸಬಹುದಿತ್ತು. ಆದರೆ ಅದರ ಮೇಲೆ ಕೂರುವವರು ಯಾರು ಎಂಬುದು ಗೊತ್ತಿರಲಿಲ್ಲ. ಇಂಥವಕ್ಕೆ ಅನಾಥ ರಿಸೆಪ್ಟರ್ ಅನ್ನುತ್ತಾರೆ. ಇಡಿಜಿ-1 ಎಂಟು ವರ್ಷ ಅನಾಥವಾಗೇ ಉಳಿಯಿತು.

ಈ ಎಂಟು ವರ್ಷ ನನ್ನನ್ನು ತುಂಬಾ ಕಾಡುತ್ತದೆ. ಒಂದು ಕಡೆ ಲಿಪಿಡ್, ಇನ್ನೊಂದು ಕಡೆ ರಿಸೆಪ್ಟರ್. ಎರಡೂ ಅಮೆರಿಕದ ಲ್ಯಾಬುಗಳಲ್ಲೇ ಇದ್ದವು. ಜೋಡಿ ಎಂದು ಗೊತ್ತಾಗದಿರಲು ಒಂದು ಕಾರಣವಿತ್ತು. ಅದು ನನಗೆ ಪುಸ್ತಕ ಓದಿ ಅರ್ಥವಾಗಲಿಲ್ಲ. ಕೈಯಾರೆ ಪೆಟ್ಟು ತಿಂದ ಮೇಲೆ ಅರ್ಥವಾಯಿತು.

ಲ್ಯಾಬಿಗೆ ಸೇರಿದ ಮೊದಲ ವರ್ಷ. ಇದೇ ರಿಸೆಪ್ಟರ್ ಇರುವ ಕೋಶಗಳಿಗೆ ಎಸ್‌ಒನ್‌ಪಿ ಹಾಕಿ, ಅವು ಏನು ಮಾಡುತ್ತವೆ ಎಂದು ಅಳೆಯುವ ಕೆಲಸ ನನ್ನದು. ಹಾಕಿದೆ. ಏನೂ ಆಗಲಿಲ್ಲ. ಮತ್ತೆ ಹಾಕಿದೆ, ಡೋಸ್ ಜಾಸ್ತಿ ಮಾಡಿದೆ. ಏನೂ ಇಲ್ಲ. ಐದು ವಾರ ಹೀಗೇ ಹೋಯಿತು. ರಾತ್ರಿ ಹಾಸ್ಟೆಲಿಗೆ ಬಂದು ಊಟ ಮಾಡದೇ ಮಲಗಿದ ದಿನಗಳು ಎಷ್ಟೋ ಇವೆ.

ಎರಡು ತಪ್ಪು ನಡೆದಿತ್ತು. ಒಂದು, ನಾನು ಎಸ್‌ಒನ್‌ಪಿಯನ್ನು ತೆಳುವು ಮಾಡುತ್ತಿದ್ದದ್ದು ಪ್ಲಾಸ್ಟಿಕ್ ಟ್ಯೂಬಿನಲ್ಲಿ. ಲಿಪಿಡ್ ಟ್ಯೂಬಿನ ಗೋಡೆಗೆ ಅಂಟಿ ಅಲ್ಲೇ ಉಳಿಯುತ್ತಿತ್ತು. ನಾನು ಕೋಶಕ್ಕೆ ಹಾಕುತ್ತಿದ್ದದ್ದು ಹೆಚ್ಚುಕಮ್ಮಿ ಬರೀ ನೀರು. ಸರಿಯಾದ ದಾರಿ ಬೇರೆ ಇದೆ. ಗಾಜಿನ ಸೀಸೆಯಲ್ಲಿ ಮೆಥನಾಲ್‌ನಲ್ಲಿ ಕರಗಿಸಬೇಕು, ಮೇಲಿಂದ ಸಣ್ಣಗೆ ನೈಟ್ರೋಜನ್ ಗಾಳಿ ಬಿಟ್ಟು ಒಣಗಿಸಬೇಕು. ಆಗ ತಳದಲ್ಲಿ ಒಂದು ಮಸುಕು ಉಳಿಯುತ್ತದೆ, ಕನ್ನಡಿಗೆ ಉಸಿರು ತಾಗಿದ ಹಾಗೆ. ಬೆಳಕಿಗೆ ಓರೆ ಹಿಡಿದರೆ ಮಾತ್ರ ಕಾಣುತ್ತದೆ. ಆಲ್ಬುಮಿನ್ ಎಂಬ ರಕ್ತದ ಪ್ರೋಟೀನನ್ನು ಕೊಬ್ಬು ತೆಗೆದು ಬೆರೆಸಿದ ನೀರು ಹಾಕಿದರೆ ಆ ಮಸುಕು ಮೆಲ್ಲಗೆ ಆಲ್ಬುಮಿನ್ನಿನ ಬೆನ್ನೇರಿ ನೀರಿಗಿಳಿಯುತ್ತದೆ. ರಕ್ತದಲ್ಲೂ ಅದು ಹೀಗೇ ಸವಾರಿ ಮಾಡುತ್ತದೆ, ಆಲ್ಬುಮಿನ್ ಮೇಲೆ, ಕೊಬ್ಬು ಹೊತ್ತೊಯ್ಯುವ ಕಣವಾದ ಎಚ್‌ಡಿಎಲ್ ಮೇಲೆ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಲ್ಯಾಬಿನಲ್ಲಿ ಕೋಶ ಬೆಳೆಸಲು ಸೀರಮ್ ಹಾಕುತ್ತೇವೆ. ದನದ ಕರುವಿನ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ, ತೆಳು ಚಹಾದ ಬಣ್ಣದ ದ್ರವ ಅದು. ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ಎಸ್‌ಒನ್‌ಪಿ ಬಿಡುತ್ತವೆ. ಅಂದರೆ ಸೀರಮ್ಮಿನಲ್ಲಿ ಅದು ಮೊದಲೇ ಧಾರಾಳವಾಗಿ ಇರುತ್ತದೆ. ನಾನು ಹಾಕುವ ಮುಂಚೆಯೇ ನನ್ನ ಕೋಶಗಳು ಅದರಲ್ಲಿ ಮುಳುಗಿದ್ದವು. ಈ ರಿಸೆಪ್ಟರ್‌ಗೆ ಒಂದು ಸ್ವಭಾವವಿದೆ. ಅದರ ಮೇಲೆ ಎಸ್‌ಒನ್‌ಪಿ ಕೂತರೆ, ಸುದ್ದಿ ಮುಟ್ಟಿಸಿದ ಮೇಲೆ ಕೋಶ ಅದನ್ನು ಒಳಗೆಳೆದುಕೊಂಡುಬಿಡುತ್ತದೆ. ನಾನು ಬಾಗಿಲು ತಟ್ಟುವ ಹೊತ್ತಿಗೆ ಅಲ್ಲಿ ಬಾಗಿಲೇ ಇರುತ್ತಿರಲಿಲ್ಲ.

ಲ್ಯಾಬಿನಲ್ಲಿ ಹಿರಿಯರೊಬ್ಬರು ಒಂದು ಸಂಜೆ ನನ್ನ ನೋಟ್‌ಬುಕ್ ತಿರುವಿ, "ಸೀರಮ್‌ಗೆ ಇದ್ದಿಲು ಹಾಕಿದ್ದೀಯಾ?" ಎಂದು ಕೇಳಿದರು. ಇದ್ದಿಲು! ನೀರಿನ ಫಿಲ್ಟರಿನಲ್ಲಿ ಇರುತ್ತದಲ್ಲ, ಅದೇ ಜಾತಿಯ ನುಣ್ಣನೆಯ ಪುಡಿ. ಸೀರಮ್ಮಿಗೆ ಅದನ್ನು ಹಾಕಿ ರಾತ್ರಿಯಿಡೀ ತಣ್ಣನೆಯ ಕೋಣೆಯಲ್ಲಿ ತಿರುಗಿಸಿದೆ. ಮಸಿಯ ಹಾಗೆ ಕಪ್ಪಾಯಿತು. ಬೆಳಿಗ್ಗೆ ಸೆಂಟ್ರಿಫ್ಯೂಜಿನಲ್ಲಿ ಗಿರ್ರನೆ ತಿರುಗಿಸಿ, ಸೋಸಿ ತೆಗೆದೆ. ಕಪ್ಪೆಲ್ಲ ತಳಕ್ಕೆ ಹೋಗಿತ್ತು, ಮೇಲೆ ತಿಳಿಯಾದ ಸೀರಮ್. ಕೊಬ್ಬಿನ ಜಾತಿಯ ಸಣ್ಣ ಅಣುಗಳನ್ನು ಇದ್ದಿಲು ಹೀರಿಕೊಳ್ಳುತ್ತದೆ, ಪ್ರೋಟೀನು ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ಅದರಲ್ಲಿ ಬೆಳೆದ ಕೋಶಗಳಿಗೆ ಎಸ್‌ಒನ್‌ಪಿ ಹಾಕಿದ ದಿನ ಮೊದಲ ಸಲ ಗೆರೆ ಮೇಲೆದ್ದಿತು. ಅಮ್ಮನಿಗೆ ಫೋನ್ ಮಾಡಿ ಅತ್ತೆ.

ಹ್ಲಾ ಅವರ ಕಥೆಗೆ ಜೀವ ಕೊಟ್ಟದ್ದೂ ಇದೇ ಇದ್ದಿಲು. ಹ್ಲಾ ಅಷ್ಟೊತ್ತಿಗೆ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಹೆಲ್ತ್ ಸೆಂಟರಿಗೆ ಹೋಗಿದ್ದರು. ಅವರ ತಂಡ ಇಡಿಜಿ-1 ಜೀನನ್ನು ಮಾನವ ಮೂತ್ರಪಿಂಡದ ಕೋಶಗಳಿಗೆ ಸೇರಿಸಿತು. ಆ ಕೋಶಗಳು ವಿಚಿತ್ರವಾಗಿ ನಡೆದುಕೊಂಡವು. ಒಂದನ್ನೊಂದು ಹಿಡಿದುಕೊಂಡು ಗುಂಪಾದವು, ಬಲೆಯ ಹಾಗೆ ಹೆಣೆದುಕೊಂಡವು. ಕೋಶ ಕೋಶವನ್ನು ಹಿಡಿಯಲು ಬಳಸುವ ಕ್ಯಾಡೆರಿನ್ ಎಂಬ ಪ್ರೋಟೀನು ಜಾಸ್ತಿಯಾಗಿತ್ತು. ಇಲ್ಲಿಯವರೆಗೆ ಇದು ಸುಮ್ನೆ ಒಂದು ಚೆಂದದ ಚಿತ್ರ. ಇದ್ದಿಲು ಹಾಕಿ ಸೋಸಿದ ಸೀರಮ್ಮಿನಲ್ಲಿ ಅದೇ ಕೋಶಗಳನ್ನು ಬೆಳೆಸಿದಾಗ ಬಲೆ ಕಟ್ಟಲೇ ಇಲ್ಲ. ಹಾಗಾದರೆ ಅನಾಥ ರಿಸೆಪ್ಟರಿನ ಜೋಡಿ ಇಷ್ಟು ದಿನ ಸೀರಮ್ಮಿನಲ್ಲೇ ಇತ್ತು! ಅದೂ ಇದ್ದಿಲಿಗೆ ಸಿಗುವಂಥ ಲಿಪಿಡ್.

ಯಾವ ಲಿಪಿಡ್ ಇರಬಹುದು ಎನ್ನುವುದಕ್ಕೂ ಸುಳಿವು ಸಿಕ್ಕಿತ್ತು. 1996ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜೆರಾಲ್ಡ್ ಚುನ್ ಅವರ ತಂಡ ಬೆಳೆಯುತ್ತಿರುವ ಇಲಿಯ ಮೆದುಳಿನಲ್ಲಿ ಎಲ್‌ಪಿಎ ಎಂಬ ಇನ್ನೊಂದು ಲಿಪಿಡ್ಡಿನ ರಿಸೆಪ್ಟರ್ ಕಂಡುಹಿಡಿದಿತ್ತು. ಆ ರಿಸೆಪ್ಟರ್ ಇಡಿಜಿ-1ರ ದಾಯಾದಿ. ಮುಖ ಹೋಲುತ್ತಿತ್ತು. ಹಾಗಾಗಿ ಇದರ ಮೇಲೆ ಕೂರುವುದೂ ಅದೇ ಬಗೆಯ ಲಿಪಿಡ್ ಇರಬಹುದಲ್ವಾ? ಸೋಸಿದ ಸೀರಮ್ಮಿಗೆ ಎಸ್‌ಒನ್‌ಪಿಯನ್ನು ಮಾತ್ರ ವಾಪಸ್ ಹಾಕಿದಾಗ ಕೋಶಗಳು ಮತ್ತೆ ಬಲೆ ಕಟ್ಟಿದವು.

ಅಷ್ಟಕ್ಕೇ ಸಾಕಾಗುವುದಿಲ್ಲ. ಕೋಶ ನಡವಳಿಕೆ ಬದಲಿಸಿತು ಅಂದ ಮಾತ್ರಕ್ಕೆ ಆ ಲಿಪಿಡ್ ಇದೇ ರಿಸೆಪ್ಟರಿನ ಮೇಲೆ ಕೂತಿತು ಎಂದಾಗುವುದಿಲ್ಲ. ಕೂತದ್ದನ್ನು ತೋರಿಸಬೇಕು, ಅಂಟಿದ್ದನ್ನು ಕಳೆಯಬೇಕು. ಇದನ್ನು ನಾನು ಯಾವಾಗಲೂ ಕೆಂಪು ಬಸ್ಸಿನ ಲೆಕ್ಕದಲ್ಲಿ ಹೇಳುತ್ತೇನೆ. ಹಬ್ಬದ ಹಿಂದಿನ ದಿನದ ಬಸ್ಸು. ಒಳಗೆ ಜನ ಕಂಬಿ ಹಿಡಿದು, ಮೆಟ್ಟಿಲ ಮೇಲೆ, ಡ್ರೈವರ್ ಪಕ್ಕ, ಎಲ್ಲಿ ಬೇಕಲ್ಲಿ ನಿಂತಿದ್ದಾರೆ. ಸೀಟು ಮಾತ್ರ ಲೆಕ್ಕದ್ದು. ಕೆಂಪು ಟೋಪಿ ಹಾಕಿದ ಒಂದಿಷ್ಟು ಜನರನ್ನು ಹತ್ತಿಸಿ, ಅವರಲ್ಲಿ ಎಷ್ಟು ಜನ ಬಸ್ಸಿನಲ್ಲಿ ಉಳಿದರು ಎಣಿಸಿ. ಆಮೇಲೆ ಅದೇ ಪ್ರಯೋಗವನ್ನು ಮತ್ತೆ ಮಾಡಿ. ಈ ಸಲ ಟೋಪಿಯವರ ಜೊತೆಗೆ ಟೋಪಿ ಇಲ್ಲದ ಸಾವಿರಾರು ಜನರನ್ನು ನುಗ್ಗಿಸಿ. ಸೀಟೆಲ್ಲ ಟೋಪಿ ಇಲ್ಲದವರ ಪಾಲಾಗುತ್ತದೆ. ಆಗಲೂ ಬಸ್ಸಿನಲ್ಲಿ ಉಳಿದ ಟೋಪಿಯವರು ಸುಮ್ನೆ ಜೋತುಬಿದ್ದವರು. ಮೊದಲಿನ ಎಣಿಕೆಯಿಂದ ಇವರನ್ನು ಕಳೆದರೆ ಸೀಟಿನಲ್ಲಿ ಕೂತಿದ್ದವರ ಲೆಕ್ಕ ಸಿಗುತ್ತದೆ. ಲ್ಯಾಬಿನಲ್ಲಿ ಕೆಂಪು ಟೋಪಿ ಅಂದರೆ ವಿಕಿರಣ ಸೂಸುವ ರಂಜಕ, ಫಾಸ್ಫರಸ್-32. ಟೋಪಿ ಇಲ್ಲದವರು ಅಂದರೆ ಮಾಮೂಲಿ ಎಸ್‌ಒನ್‌ಪಿ.

ಹ್ಲಾ ಮತ್ತು ಸ್ಪೀಗಲ್ ಅವರ ತಂಡಗಳು ಸೇರಿ ಈ ಲೆಕ್ಕ ಮಾಡಿದವು. ಬಾಗಿಲು ಸಿಕ್ಕವರು ಒಬ್ಬರು, ತಟ್ಟುವವರನ್ನು ಬಲ್ಲವರು ಇನ್ನೊಬ್ಬರು. 1998ರಲ್ಲಿ ಫಲಿತಾಂಶ ಪ್ರಕಟವಾಯಿತು. ಸೀಟುಗಳಲ್ಲಿ ಅರ್ಧ ತುಂಬಲು ಬೇಕಾದ ಎಸ್‌ಒನ್‌ಪಿ ಸುಮಾರು 8 ನ್ಯಾನೋಮೋಲಾರ್. ಈ ಅಂಕಿ ಎಷ್ಟು ಸಣ್ಣದು ಅಂದರೆ, ತಾರಸಿ ಮೇಲಿನ ಸಾವಿರ ಲೀಟರ್ ಟ್ಯಾಂಕಿಗೆ ಬರೀ 3 ಮಿಲಿಗ್ರಾಂ. ನಾಲ್ಕೈದು ಹರಳು ಸಕ್ಕರೆಯ ತೂಕ. ಅಷ್ಟು ತೆಳುವಾದ ನೀರಿನಲ್ಲೂ ಅದು ತನ್ನ ಸೀಟನ್ನು ಹುಡುಕಿ ಕೂರುತ್ತದೆ. ದಾಯಾದಿಯ ಲಿಪಿಡ್ ಎಲ್‌ಪಿಎಗೆ ಇಲ್ಲಿ ಹಿಡಿತ ಬಹಳ ಕಮ್ಮಿ. ಹೊರಗಿನಿಂದ ತಟ್ಟುತ್ತದೆ ಎನ್ನುವ ವಾದಕ್ಕೆ ಕೊನೆಗೂ ಒಂದು ಬಾಗಿಲು ಸಿಕ್ಕಿತು. ಮುಂದೆ ಇಡಿಜಿ-1ಕ್ಕೆ ಎಸ್‌ಒನ್‌ಪಿ-1 ರಿಸೆಪ್ಟರ್ ಎಂದೇ ಹೆಸರಾಯಿತು. ಇದೇ ಲಿಪಿಡ್ಡಿಗೆ ಒಟ್ಟು ಐದು ರಿಸೆಪ್ಟರ್‌ಗಳಿವೆ.

2000ರಲ್ಲಿ ರಿಚರ್ಡ್ ಪ್ರೊಯಾ ಅವರ ತಂಡ ಈ ಜೀನನ್ನೇ ತೆಗೆದ ಇಲಿಗಳನ್ನು ಮಾಡಿತು. ಮರಿಗಳು ಹುಟ್ಟಲೇ ಇಲ್ಲ. ಗರ್ಭದಲ್ಲಿ ಹದಿಮೂರು, ಹದಿನಾಲ್ಕು ದಿನದ ಹೊತ್ತಿಗೆ ರಕ್ತಸ್ರಾವವಾಗಿ ಸತ್ತವು. ರಕ್ತನಾಳಗಳು ಮೂಡಿದ್ದವು, ಆದರೆ ಅವನ್ನು ಸುತ್ತಿ ಗಟ್ಟಿ ಮಾಡಬೇಕಾದ ಸ್ನಾಯುಕೋಶಗಳ ಪದರ ಸರಿಯಾಗಿ ಬಂದಿರಲಿಲ್ಲ.

ಇನ್ನು ಅವಳ ಮಾತ್ರೆಯ ಕಥೆ. ಅದು ಶುರುವಾಗುವುದು ಬೇರೆಯೇ ಕಡೆ, ಜಪಾನಿನಲ್ಲಿ, ಒಂದು ಜೀರುಂಡೆಯ ಮೇಲೆ. ಮರದಲ್ಲಿ ಕೂತು ಜೀರ್ ಎನ್ನುತ್ತದಲ್ಲ, ಆ ಜೀರುಂಡೆಯ ಮರಿ ಮಣ್ಣಿನೊಳಗೆ ಬೆಳೆಯುತ್ತದೆ. ಅದರ ಮೇಲೆ ಬೆಳೆಯುವ ಒಂದು ಬೂಷ್ಟು ಇದೆ, ಐಸೇರಿಯಾ ಸಿಂಕ್ಲೇರಿ. ಕ್ಯೋಟೋದ ತೆತ್ಸುರೊ ಫುಜಿತಾ ಅವರ ತಂಡ ಆ ಬೂಷ್ಟಿನಿಂದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಿರಿಯೋಸಿನ್ ಎಂಬ ಪದಾರ್ಥ ತೆಗೆಯಿತು. ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಔಷಧ ಬೇಕಿತ್ತು. ಮಿರಿಯೋಸಿನ್ ತೀರಾ ವಿಷ. ಹಾಗಾಗಿ ಅದರ ಆಕಾರವನ್ನು ಕಡಿದು, ಸರಳ ಮಾಡಿ, 1990ರ ದಶಕದ ಶುರುವಿನಲ್ಲಿ ಎಫ್‌ಟಿವೈ720 ತಯಾರಿಸಿದರು. ಅದೇ ಫಿಂಗೋಲಿಮಾಡ್. ಕಡಿಯುವಾಗ ಯಾರಿಗೂ ಗೊತ್ತಾಗದ ಹಾಗೆ ಅದರ ಕೆಲಸವೇ ಬದಲಾಗಿತ್ತು. ಮಿರಿಯೋಸಿನ್ ತಡೆಯುತ್ತಿದ್ದ ಕಿಣ್ವವನ್ನು ಇದು ಮುಟ್ಟುತ್ತಲೇ ಇರಲಿಲ್ಲ. ಪ್ರಾಣಿಗಳಿಗೆ ಕೊಟ್ಟರೆ ರಕ್ತದಲ್ಲಿ ಒಂದು ಬಗೆಯ ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳು ಗಂಟೆಗಳಲ್ಲಿ ಮಾಯವಾಗುತ್ತಿದ್ದವು. ಎಲ್ಲಿ ಕೂತು ಇದನ್ನು ಮಾಡುತ್ತಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

2002ರಲ್ಲಿ ಎರಡು ಕಥೆಗಳು ಸೇರಿದವು. ದೇಹದೊಳಗೆ ಫಿಂಗೋಲಿಮಾಡ್‌ಗೆ ಒಂದು ಫಾಸ್ಫೇಟ್ ಸೇರುತ್ತದೆ. ಸೇರಿದ ಮೇಲೆ ಅದು ನೋಡಲು ಎಸ್‌ಒನ್‌ಪಿಯ ಹಾಗೇ. ಕೂರುವುದೂ ಅದರ ಸೀಟಿನಲ್ಲೇ! ಐದರಲ್ಲಿ ನಾಲ್ಕು ರಿಸೆಪ್ಟರ್‌ಗಳ ಮೇಲೆ ಕೂರುತ್ತದೆ. 2004ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜೇಸನ್ ಸಿಸ್ಟರ್ ಅವರ ತಂಡ ಲಿಂಫೋಸೈಟ್ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಬಿಡಿಸಿತು. ಲಿಂಫೋಸೈಟ್‌ಗಳು ಕತ್ತು, ಕಂಕುಳು, ತೊಡೆಸಂದಿನ ಲಿಂಫ್ ಗಂಟುಗಳಿಗೆ ಹೋಗಿ, ಸ್ವಲ್ಪ ಹೊತ್ತಿದ್ದು, ಮತ್ತೆ ರಕ್ತಕ್ಕೆ ಬರುತ್ತವೆ. ರಕ್ತದಲ್ಲಿ ಎಸ್‌ಒನ್‌ಪಿ ಜಾಸ್ತಿ, ಗಂಟಿನೊಳಗೆ ಕಮ್ಮಿ. ಮಲ್ಲಿಗೆ ಬಳ್ಳಿ ಯಾವ ಕಡೆ ಇದೆ ಅಂತ ಕತ್ತಲಲ್ಲೂ ಮೂಗಿಗೆ ಗೊತ್ತಾಗುತ್ತದಲ್ಲ, ಹಾಗೆ ಅವು ಎಸ್‌ಒನ್‌ಪಿ ಜಾಸ್ತಿ ಇರುವ ಕಡೆಗೆ ಹೊರಡುತ್ತವೆ. ಆ ಮೂಗೇ ಈ ರಿಸೆಪ್ಟರ್. ಫಿಂಗೋಲಿಮಾಡ್ ಅದರ ಮೇಲೆ ಕೂತರೆ ಕೋಶ ರಿಸೆಪ್ಟರನ್ನು ಒಳಗೆಳೆದುಕೊಂಡು ಅರೆದುಹಾಕುತ್ತದೆ. ಸೀರಮ್ಮಿನಲ್ಲಿದ್ದ ನನ್ನ ಕೋಶಗಳಿಗೆ ಆದದ್ದೇ, ಇಲ್ಲಿ ಇನ್ನೂ ಗಟ್ಟಿಯಾಗಿ. ಮೂಗಿಲ್ಲದ ಲಿಂಫೋಸೈಟ್ ಗಂಟಿನೊಳಗೇ ಉಳಿಯುತ್ತದೆ. ಮೆದುಳಿನ ಕಡೆ ಹೋಗುವವು ಕಮ್ಮಿಯಾಗುತ್ತವೆ.

ಕಿಡ್ನಿ ಕಸಿಯಲ್ಲಿ ಇದರಿಂದ ಅಂದುಕೊಂಡಷ್ಟು ಲಾಭ ಕಾಣಲಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಕಂಡಿತು. 2010ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿ ಆ ಕಾಯಿಲೆಯ ಗತಿಯನ್ನು ನಿಧಾನಿಸಲು ಬಾಯಲ್ಲಿ ನುಂಗುವ ಮೊದಲ ಔಷಧ ಇದೇ. ಅದಕ್ಕೆ ಮೊದಲು ಬರೀ ಇಂಜೆಕ್ಷನ್ನು, ಡ್ರಿಪ್ಪು.

ಇನ್ನೊಂದು ವಿಷಯ ಹೇಳದೇ ಇರಲಾರೆ. 2012ರಲ್ಲಿ ಸ್ಕ್ರಿಪ್ಸ್ ಸಂಸ್ಥೆಯವರು ಈ ರಿಸೆಪ್ಟರಿನ ಹರಳು ಮಾಡಿ, ಎಕ್ಸ್-ರೇ ಹಾಯಿಸಿ, ಅದರ ನಿಜವಾದ ಆಕಾರ ನೋಡಿದರು. ಇಂಥ ರಿಸೆಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಹೊರಗಡೆಗೆ ಬಾಯಿ ತೆರೆದಿರುತ್ತದೆ, ಅಣು ಮೇಲಿಂದ ಇಳಿಯುತ್ತದೆ. ಇದರಲ್ಲಿ ಮೇಲೆ ಮುಚ್ಚಳ! ಪ್ರೋಟೀನಿನ ತುದಿಯೇ ಮಡಚಿ ಬಾಯಿ ಮುಚ್ಚಿತ್ತು. ಪಕ್ಕದಲ್ಲಿ, ಏಳು ಕಂಬಗಳ ಪೈಕಿ ಒಂದನೆಯದಕ್ಕೂ ಏಳನೆಯದಕ್ಕೂ ನಡುವೆ ಒಂದು ಸಂದು ಇತ್ತು. ಲಿಪಿಡ್ ಮೊದಲು ಪೊರೆಯೊಳಗೆ ಇಳಿದು, ಅಲ್ಲಿಂದ ಪಕ್ಕಕ್ಕೆ ಸರಿದು ಆ ಸಂದಿನಲ್ಲಿ ನುಸುಳಿ ಒಳಗೆ ಹೋಗುತ್ತಿರಬೇಕು ಎಂದು ಆ ಚಿತ್ರ ಹೇಳಿತು. ನಾವೆಲ್ಲ ಕಳೆಯಬೇಕಾದ ಕಸ ಎಂದುಕೊಂಡಿದ್ದ ಆ ಪೊರೆಗೆ ಅಂಟುವ ಗುಣ, ಸೀಟಿಗೆ ಹೋಗುವ ದಾರಿಯೇ ಆಗಿತ್ತು. ಆ ಚಿತ್ರ ನೋಡಿದ ದಿನ ನಾನು ತುಂಬಾ ಹೊತ್ತು ಅದರ ಮುಂದೆಯೇ ಕೂತಿದ್ದೆ.

ಎದೆಗೆ ವೈರು ಯಾಕೆ ಎಂಬುದಕ್ಕೆ ಉತ್ತರವೂ ಇಷ್ಟರಲ್ಲೇ ಇದೆ. ಈ ಸೀಟುಗಳು ಹೃದಯದ ಕೋಶಗಳಲ್ಲೂ ಇವೆ. ಅಲ್ಲಿ ಫಿಂಗೋಲಿಮಾಡ್ ಕೂತರೆ ಪೊಟ್ಯಾಸಿಯಂ ಹೋಗುವ ಒಂದು ಕಿಂಡಿ ತೆರೆಯುತ್ತದೆ. ವೇಗಸ್ ನರ ಹೃದಯವನ್ನು ನಿಧಾನ ಮಾಡುವಾಗ ಬಳಸುವುದೂ ಅದೇ ಕಿಂಡಿ. ಹಾಗಾಗಿ ಮೊದಲ ದಿನ ನಾಡಿ ಇಳಿಯುತ್ತದೆ, ನಾಲ್ಕೈದು ಗಂಟೆಗೆ ತಳ ಮುಟ್ಟುತ್ತದೆ. ಆಮೇಲೆ ಆ ಕೋಶಗಳೂ ರಿಸೆಪ್ಟರನ್ನು ಒಳಗೆಳೆದುಕೊಳ್ಳುತ್ತವೆ, ನಾಡಿ ಮೆಲ್ಲಗೆ ಮೇಲೇರುತ್ತದೆ. ಅಂದು ನರ್ಸ್ ಬರೆದ ಹಾಳೆ ನನಗೆ ಇನ್ನೂ ನೆನಪಿದೆ. 78, 75, 70, 66, 63. ಐದನೆಯ ಸಲ 63 ಅಂದಾಗ ನಾನು ಅವಳ ಕೈ ಹಿಡಿದೆ. ಆರನೆಯ ಸಲ 67. ಇಸಿಜಿ ನೋಡಿದ ಡಾಕ್ಟರು ಮನೆಗೆ ಹೋಗಬಹುದು ಅಂದರು. ಆಗ ಚಿತ್ರಾನ್ನದ ಡಬ್ಬಿ ತೆಗೆದೆವು.

ಇದು ಸಲೀಸಾದ ಔಷಧ ಅಲ್ಲ. ಸೋಂಕಿನ ಭಯ ಇದೆ, ಕಣ್ಣಿನ ಒಳಪರದೆ ಊದಬಹುದು, ಹೇಳದೇ ಕೇಳದೇ ನಿಲ್ಲಿಸಿದರೆ ಕಾಯಿಲೆ ಜೋರಾಗಿ ತಿರುಗಿ ಬರಬಹುದು. ಶುರು ಮಾಡುವ ಮೊದಲು ಅವಳಿಗೆ ಚಿಕನ್‌ಪಾಕ್ಸ್ ತಡೆಯುವ ಶಕ್ತಿ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿದ್ದರು. ಅವಳು ಈಗಲೂ ಹೇಳಿದ ದಿನ ಹೇಳಿದ ಪರೀಕ್ಷೆಗೆ ಹೋಗುತ್ತಾಳೆ.

ತಿಂಗಳಾದ ಮೇಲೆ ಒಂದು ಸಂಜೆ ಫೋನ್ ಮಾಡಿದಳು. "ಅಕ್ಕಾ, ಲಿಂಫೋಸೈಟ್ ಬರೀ 520 ಅಂತ ಬಂದಿದೆ. ಪಕ್ಕದಲ್ಲಿ ಕೆಳಗೆ ಬಾಣದ ಗುರುತು ಹಾಕಿದ್ದಾರೆ. ಡಾಕ್ಟರು ಇಷ್ಟು ಇಳಿಯೋದು ಗೊತ್ತಿದ್ದಿದ್ದೇ ಅಂದ್ರು. ಆದ್ರೂ... ಸತ್ತು ಹೋಗಿವೆಯಾ ಅವು?"

"ಇಲ್ಲ ಕಣೇ. ಕತ್ತಿನ ಹತ್ರ, ಕಂಕುಳಲ್ಲಿ ಗಂಟು ಇರುತ್ತಲ್ಲ, ಅಲ್ಲಿ ಒಳಗಿವೆ."

"ಹೊರಗೆ ಬರೋಕೆ ದಾರಿ ಗೊತ್ತಾಗ್ತಿಲ್ವಾ?"

"ದಾರಿ ಇದೆ. ಅದರ ವಾಸನೆ ಅವಕ್ಕೆ ಸಿಗ್ತಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಿಂದೆ ಕುಕ್ಕರ್ ಕೂಗಿದ್ದು ಕೇಳಿಸಿತು.

"ಸರಿ ಅಕ್ಕಾ, ಅಲ್ಲೇ ಇರ್ಲಿ ಬಿಡು," ಅಂದು ಕುಕ್ಕರ್ ಇಳಿಸಲು ಹೋದಳು.